ಬಾರದ ಆನೆ

ನಾನು ಕೆಲಸ ಮಾಡುವ ಊರಿನಲ್ಲಿ ಬೆಳಗ್ಗೆ ಎದ್ದವರು ದೇವರ ಪಟ ನೋಡುವ ಮೊದಲು ಮೊಬೈಲು ನೋಡುತ್ತಾರೆ. ಆನೆ ಎಲ್ಲಿದೆ ಎಂದು ತಿಳಿಯದೆ ಯಾರೂ ಅಂಗಳ ದಾಟುವುದಿಲ್ಲ. ಬಾಳೂರಿನ ಸುತ್ತಮುತ್ತಲ ತೋಟಗಳಿಗೆಲ್ಲ ಸೇರಿ ಒಂದು ವಾಟ್ಸಾಪ್ ಗ್ರೂಪಿದೆ. ಎಸ್ಟೇಟಿನ ಸಾವ್ಕಾರರು, ತೋಟದ ಲೆಕ್ಕ ಬರೆಯುವ ರೈಟರುಗಳು, ಮೇಸ್ತ್ರಿಗಳು, ಜೀಪಿನವರು, ಅರಣ್ಯ ಇಲಾಖೆಯವರು, ಶಾಲೆಯ ನಾವು, ಎಲ್ಲರೂ ಅದರಲ್ಲಿದ್ದೇವೆ. ಇಂಥ ತೋಟದ ಹಿಂದೆ ಒಂಟಿ ಸಲಗ, ಇಂಥ ಹಳ್ಳದ ಹತ್ತಿರ ಮರಿಯ ಜೊತೆ ಮೂರು, ಕೆಲಸಕ್ಕೆ ಹೋಗಬೇಡಿ, ಮಕ್ಕಳನ್ನು ಕಳಿಸಬೇಡಿ, ಇಷ್ಟೇ ಅದರಲ್ಲಿ ಬರುವುದು. ಗುಲಾಬಿ ಹೂವಿನ ಚಿತ್ರ ಹಾಕಿ ಶುಭೋದಯ ಎಂದವರು ಅಡ್ಮಿನ್ ಕೈಯಲ್ಲಿ ಬೈಸಿಕೊಳ್ಳುತ್ತಾರೆ.

ನಾನು ಬೆಟ್ಟದವಳಲ್ಲ, ಕಡೂರು ಕಡೆಯ ಬಯಲಿನವಳು. ಹನ್ನೊಂದು ವರ್ಷದ ಹಿಂದೆ ಇಲ್ಲಿನ ಒಂದು ಪ್ರೌಢಶಾಲೆಗೆ ಸಮಾಜ ವಿಜ್ಞಾನದ ಟೀಚರಾಗಿ ಬಂದೆ. ವರ್ಗಾವಣೆ ಕೇಳಬಹುದಿತ್ತು, ಕೇಳಲಿಲ್ಲ. ಕೇಳಿ ಹೋಗುವುದಾದರೂ ಎಲ್ಲಿಗೆ? ಅಪ್ಪ ಅಮ್ಮ ಇಲ್ಲ. ಅಣ್ಣನ ಮನೆಗೆ ಹಬ್ಬಕ್ಕೆ ಹೋದರೆ ಮೂರನೆಯ ದಿನ ಅತ್ತಿಗೆ, ನಾಳೆ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸುತ್ತಾಳೆ. ಶಾಲೆಯಿಂದ ಐದು ನಿಮಿಷದ ದಾರಿಯಲ್ಲಿ, ಒಂದು ಗೊಬ್ಬರದ ಅಂಗಡಿಯ ಮಹಡಿಯಲ್ಲಿ ನನ್ನ ಬಾಡಿಗೆ ಕೋಣೆ. ಸಂಜೆ ಬೀಗ ತೆಗೆದರೆ ಮತ್ತೆ ಬೆಳಗ್ಗೆ ಬೀಗ ಹಾಕುವವರೆಗೆ ನಾನು ಯಾರ ಹತ್ತಿರವೂ ಮಾತನಾಡುವುದಿಲ್ಲ. ಕೆಲವು ಸಲ ಬೆಳಗಿನ ಮೊದಲ ಪೀರಿಯಡ್ಡಿನಲ್ಲಿ ಗಂಟಲು ಕಟ್ಟಿಕೊಂಡಿರುತ್ತದೆ. ಮಕ್ಕಳು ಶೀತವೆಂದುಕೊಳ್ಳುತ್ತಾರೆ. ಅದು ಹದಿನೈದು ಗಂಟೆ ಬಾಯಿ ಬಿಡದೆ ಇದ್ದುದರ ಫಲ.

ಇದಕ್ಕೆ ಊರನ್ನು ದೂರಿ ಪ್ರಯೋಜನವಿಲ್ಲ, ನನ್ನ ಮೂಗಿನ ತುದಿಯ ಸಿಟ್ಟೂ ಕಾರಣ. ಆದರೆ ಊರಿನ ಪಾಲೂ ಇದೆ. ಕೆಲವು ವರ್ಷಗಳ ಹಿಂದೆ ಒಂದು ತರಬೇತಿಯಲ್ಲಿ ಚಿಕ್ಕಮಗಳೂರಿನ ಲೆಕ್ಚರರೊಬ್ಬರ ಪರಿಚಯವಾಗಿತ್ತು. ಹೆಂಡತಿ ತೀರಿಕೊಂಡವರು, ಮೆತ್ತಗೆ ಮಾತನಾಡುವವರು. ಭಾನುವಾರಗಳಲ್ಲಿ ನಾನು ಬಸ್ಸು ಹತ್ತಿ ಚಿಕ್ಕಮಗಳೂರಿಗೆ ಹೋಗುತ್ತಿದ್ದೆ. ಮಾರ್ಕೆಟ್ ರಸ್ತೆಯ ಒಂದು ಹೋಟೆಲಿನಲ್ಲಿ ಇಬ್ಬರೂ ದೋಸೆ ತಿಂದು ಕಾಫಿ ಕುಡಿದು, ಸಂಜೆಯ ಬಸ್ಸಿಗೆ ನಾನು ವಾಪಸು ಬರುತ್ತಿದ್ದೆ. ನಾಲ್ಕೇ ನಾಲ್ಕು ಭಾನುವಾರ. ಐದನೆಯ ವಾರ ನಮ್ಮ ಹೆಡ್‌ಮಾಸ್ಟರು ನನ್ನನ್ನು ಕೋಣೆಗೆ ಕರೆಸಿದರು.

“ತಪ್ಪು ತಿಳಿಬೇಡಿ ಮೇಡಂ. ನೀವು ಹೊರಗಡೆ ಏನು ಮಾಡ್ತೀರಿ ಅನ್ನದು ನಂಗೆ ಸಂಬಂಧ ಇಲ್ಲ. ಆದ್ರೆ ಮಕ್ಕಳ ಅಪ್ಪ ಅಮ್ಮ ಮಾತಾಡ್ತಾರೆ. ನೀವು ಟೀಚರಲ್ವಾ.”

ನಾನು ಅವರಿಗೆ ಸರಿಯಾಗಿ ಹೇಳಿದೆ. ಭಾನುವಾರ ನನ್ನದು, ದೋಸೆ ನನ್ನದು, ಶಾಲೆಯ ಗೇಟಿನ ಆಚೆಗಿನ ನನ್ನ ಬದುಕಿಗೆ ನೀವು ಹೆಡ್‌ಮಾಸ್ಟರಲ್ಲ ಎಂದೆ. ಸ್ಟಾಫ್ ರೂಮಿಗೆಲ್ಲ ಕೇಳಿಸುವಷ್ಟು ಜೋರಾಗಿಯೇ ಹೇಳಿದೆ. ಆದರೂ ಮುಂದಿನ ಭಾನುವಾರ ನಾನು ಬಸ್ಸು ಹತ್ತಲಿಲ್ಲ. ಲೆಕ್ಚರರ ಫೋನು ಬಂತು, ಎತ್ತಲಿಲ್ಲ. ಆಮೇಲೆ ಅದು ಬರುವುದೂ ನಿಂತಿತು. ಹಾಗೆ ಮಾತಿನಲ್ಲಿ ಗೆದ್ದು ಮನೆಯಲ್ಲಿ ಕೂತವಳು ನಾನು. ಅಂದಿನಿಂದ ನನಗೊಂದು ನಿಯಮವಾಯಿತು. ಶಾಲೆಯ ಅಧಿಕಾರ ಗೇಟಿಗೆ ಮುಗಿಯಬೇಕು. ಹೊರಗಿನದನ್ನು ಒಳಗೆ ತರಬಾರದು, ಒಳಗಿನವರು ಹೊರಗೆ ಮೂಗು ತೂರಿಸಬಾರದು. ಅದನ್ನು ಸಿಕ್ಕಸಿಕ್ಕಲ್ಲಿ ಹೇಳುತ್ತಿದ್ದೆ, ಮಕ್ಕಳಿಗೆ ಮೂಲಭೂತ ಹಕ್ಕುಗಳ ಪಾಠ ಮಾಡುವಾಗಲಂತೂ ಸ್ವಲ್ಪ ಹೆಚ್ಚಾಗಿಯೇ.

ಇಷ್ಟನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಅದು ಅರಾಬಿಕಾ ಕಾಫಿಯ ಹಣ್ಣು ಕುಯ್ಲಿನ ಕಾಲ. ಒಂದು ಸೋಮವಾರ ಬೆಳಗ್ಗೆ ಆರು ಗಂಟೆಯ ಸುಮಾರಿಗೆ ಗ್ರೂಪಿನಲ್ಲಿ ಮೆಸೇಜು ಬಂತು. ಕೆಳಗಿನ ಎಸ್ಟೇಟಿನಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಹಿಂದೆ ಒಂಟಿ ಸಲಗ ನಿಂತಿದೆ, ಯಾರೂ ತೋಟಕ್ಕೆ ಇಳಿಯಬೇಡಿ ಎಂದಿತ್ತು. ಹಣ್ಣು ಕುಯ್ಯಬೇಕಿದ್ದವರು ಮನೆಯಲ್ಲೇ ಉಳಿದರು. ಆ ದಿಕ್ಕಿನ ಮಕ್ಕಳು ಶಾಲೆಗೆ ಬರಲಿಲ್ಲ. ಅರಣ್ಯ ಇಲಾಖೆಯ ಜೀಪು ಬಂದು ಮಧ್ಯಾಹ್ನದವರೆಗೆ ಹುಡುಕಿತು. ಲದ್ದಿಯೂ ಇಲ್ಲ, ಹೆಜ್ಜೆಯೂ ಇಲ್ಲ. ಅಷ್ಟರಲ್ಲಿ ನಿಜವಾದ ಆನೆ ಬೆಟ್ಟದ ಆಚೆ ಬದಿಯಲ್ಲಿ ಯಾರದೋ ಬಾಳೆಯನ್ನೆಲ್ಲ ಮಲಗಿಸಿ ಹೋಗಿತ್ತು. ಜೀಪು ಇತ್ತ ಇದ್ದುದರಿಂದ ಅತ್ತ ಓಡಿಸುವವರು ಇರಲಿಲ್ಲ. ಮನುಷ್ಯರಿಗೆ ಏನೂ ಆಗಲಿಲ್ಲ ಎನ್ನುವುದೊಂದೇ ಸಮಾಧಾನ.

ಮೆಸೇಜು ಬಂದಿದ್ದು ಪಲ್ಪರ್ ಮನೆಯ ಹತ್ತಿರದ ಲೈನಿನಲ್ಲಿ, ಅಂದರೆ ಕೂಲಿಯವರಿಗೆ ತೋಟದವರು ಕೊಟ್ಟ ಸಾಲು ಮನೆಗಳಲ್ಲಿ, ಇರುವ ಒಬ್ಬ ಹೆಂಗಸಿನ ನಂಬರಿನಿಂದ. ಆ ಹೆಂಗಸಿಗೆ ಓದು ಬರಹವಿಲ್ಲ. ಮನೆಯಲ್ಲಿದ್ದ ಇನ್ನೊಬ್ಬಳು ಅವಳ ಮಗಳು, ಹತ್ತನೆಯ ತರಗತಿಯವಳು, ನನ್ನ ಕ್ಲಾಸಿನವಳು. ಗಂಡ ಸತ್ತ ಮೇಲೆ ತಾಯಿ ಮಗಳು ಇಬ್ಬರೇ ಅಲ್ಲಿದ್ದರು. ಹುಡುಗಿ ಹೆಚ್ಚು ಮಾತಿನವಳಲ್ಲ. ಭೂಪಟ ತುಂಬಲು ಕೊಟ್ಟರೆ ಮೊದಲು ನದಿಗಳನ್ನು ಎಳೆಯುತ್ತಿದ್ದಳು, ಆಮೇಲೆ ಊರುಗಳು. ಯಾಕೆ ಎಂದರೆ, ನೀರು ಮೊದಲು ಬಂದಿದ್ದಲ್ವಾ ಮೇಡಂ ಎನ್ನುತ್ತಿದ್ದಳು. ಆ ಲೈನಿನಿಂದ ಹತ್ತನೆಯ ಪರೀಕ್ಷೆಗೆ ಕೂರಲಿದ್ದ ಹುಡುಗಿ ಅವಳೊಬ್ಬಳೇ. ತಾಯಿ ಒಮ್ಮೆ ಶಾಲೆಗೆ ಬಂದಿದ್ದಾಗ ನನ್ನ ಕೈ ಹಿಡಿದು, ಇದೊಂದು ಪಾಸಾದ್ರೆ ಹಣ್ಣು ಕುಯ್ಯದು ತಪ್ಪುತ್ತೆ ಮೇಡಂ ಎಂದಿದ್ದಳು.

ಮಂಗಳವಾರ ಹೆಡ್‌ಮಾಸ್ಟರು ಸಭೆ ಕರೆದರು. ಅವರು, ಪಿ.ಟಿ. ಮಾಸ್ಟರು, ಕ್ಲಾಸ್ ಟೀಚರಾದ ನಾನು, ಶಾಲಾ ಸಮಿತಿಯ ಅಧ್ಯಕ್ಷರು. ಅಧ್ಯಕ್ಷರೆಂದರೆ ಪಕ್ಕದ ದೊಡ್ಡ ಎಸ್ಟೇಟಿನ ಸಾವ್ಕಾರರು, ಆನೆ ಗ್ರೂಪಿನ ಅಡ್ಮಿನ್ನೂ ಅವರೇ. ತಾಯಿಗೆ ಹೇಳಿಕಳಿಸಿದ್ದರೂ ಬಂದಿರಲಿಲ್ಲ. ಅದನ್ನೂ ಒಂದು ಸೊಕ್ಕು ಎಂದು ಅವರು ಲೆಕ್ಕ ಹಾಕಿದರು. ಹುಡುಗಿ ಮೇಜಿನ ಮುಂದೆ ನಿಂತಿದ್ದಳು. ಟಿ.ಸಿ. ಕೊಟ್ಟು ಕಳಿಸುವುದು ಎಂಬ ಮಾತು ಆಗಲೇ ಹೊರಟಿತ್ತು. ಪರೀಕ್ಷೆಗೆ ಕೆಲವೇ ತಿಂಗಳಿರುವಾಗ ಟಿ.ಸಿ. ಎಂದರೆ ಆ ವರ್ಷದ ಓದು ಅಲ್ಲಿಗೆ ಮುಗಿದಂತೆ. ಅವಳ ಮಟ್ಟಿಗೆ ಬಹುಶಃ ಯಾವತ್ತಿನ ಓದೂ.

“ಯೂನಿಫಾರ್ಮ್ ಹಾಕಿದ್ರೂ ಹಾಕದಿದ್ರೂ ಅವಳು ನಮ್ಮ ಶಾಲೆ ಹುಡುಗಿ,” ಎಂದರು ಹೆಡ್‌ಮಾಸ್ಟರು. “ನಾಳೆ ನಿಜವಾಗ್ಲೂ ಆನೆ ಬಂತು ಅಂತ ಮೆಸೇಜ್ ಬಂದ್ರೆ ಯಾರು ನಂಬ್ತಾರೆ? ಯಾರಿಗಾದ್ರೂ ಹೆಚ್ಚುಕಡಿಮೆ ಆದ್ರೆ ಯಾರು ಹೊಣೆ?”

ಅದು ತಳ್ಳಿಹಾಕುವಂಥ ಮಾತಲ್ಲ. ಈಗ ಯೋಚಿಸಿದರೆ ಆ ಕೋಣೆಯಲ್ಲಿ ಎಲ್ಲರಿಗಿಂತ ಹೆಚ್ಚು ಕಾಳಜಿಯ ಮಾತು ಅದೇ ಆಗಿತ್ತು. ಆದರೆ ನನಗೆ ಅಂದು ಕೇಳಿಸಿದ್ದು ನನ್ನ ಭಾನುವಾರಗಳ ಬಗ್ಗೆ ಮಾತನಾಡಿದ್ದ ಅದೇ ದನಿ.

“ಅವಳು ಮೆಸೇಜ್ ಹಾಕಿದ್ದು ಬೆಳಗ್ಗೆ ಆರು ಗಂಟೆಗೆ ಸರ್,” ಎಂದೆ. “ಅವಳ ಮನೆಯ ಹತ್ತಿರ, ಅವಳ ಅಮ್ಮನ ಫೋನಿನಲ್ಲಿ. ನಮ್ಮ ಬೆಲ್ ಹೊಡೆಯೋದು ಹತ್ತಕ್ಕೆ. ಗೇಟಿನ ಹೊರಗೆ ನಡೆದಿದ್ದಕ್ಕೆ ಗೇಟಿನ ಒಳಗೆ ಶಿಕ್ಷೆ ಕೊಡೋಕೆ ನಮಗೇನು ಹಕ್ಕಿದೆ?”

“ಹಂಗಾರೆ ನಾಳೆ ರಸ್ತೇಲಿ ನಿಂತು ಕಲ್ಲು ಹೊಡೆದ್ರೂ ನಾವು ಸುಮ್ನೆ ನೋಡದಾ?” ಎಂದು ಪಿ.ಟಿ. ಮಾಸ್ಟರು ಕೇಳಿದರು.

“ಅದಕ್ಕೆ ಪೊಲೀಸರಿದ್ದಾರೆ, ಅಪ್ಪ ಅಮ್ಮ ಇದ್ದಾರೆ. ಊರಿನ ಎಲ್ಲದಕ್ಕೂ ಶಾಲೆಯೇ ಆಗಬೇಕಾ ಸರ್? ಶಾಲೆಯಲ್ಲಿ ತಪ್ಪು ಮಾಡಿದರೆ ನಾನೇ ಶಿಕ್ಷೆ ಕೊಡ್ತೀನಿ. ಇದು ನಮ್ಮದಲ್ಲ.”

ಹೆಡ್‌ಮಾಸ್ಟರು ನನ್ನನ್ನು ಬಿಟ್ಟು ಹುಡುಗಿಯ ಕಡೆ ತಿರುಗಿದರು. ದನಿ ತಗ್ಗಿಸಿ, “ಯಾಕಮ್ಮ ಹಾಕ್ದೆ ಅದನ್ನ? ಹೇಳು,” ಎಂದರು. ಹುಡುಗಿ ತಲೆ ಎತ್ತಿ ನನ್ನನ್ನು ನೋಡಿದಳು. ಬಾಯಿ ತೆರೆದಳೋ ಇಲ್ಲವೋ, ನಾನು ಅಡ್ಡ ಬಂದೆ.

“ಯಾಕೆ ಅಂತ ಕೇಳೋ ಹಕ್ಕೂ ನಮಗಿಲ್ಲ ಸರ್. ಅವಳು ಉತ್ತರ ಕೊಡಬೇಕಾಗಿಲ್ಲ. ನೀನು ಸುಮ್ಮನಿರು.”

ಅವಳು ಸುಮ್ಮನಾದಳು. ಸಾವ್ಕಾರರು ಕೈಗಡಿಯಾರ ನೋಡಿಕೊಂಡರು. ಕುಯ್ಲಿನ ಕಾಲದಲ್ಲಿ ಅವರಿಗೆ ಇಷ್ಟು ಹೊತ್ತು ಕೂತಿದ್ದೇ ದೊಡ್ಡದು.

“ಟಿ.ಸಿ. ಗೀಸಿ ಎಲ್ಲ ಬೇಡ ಮಾರಾಯ್ರೆ. ಹತ್ತನೇ ಕ್ಲಾಸು, ಪರೀಕ್ಷೆ ಬರ್ಕೊಳ್ಲಿ ಪಾಪ. ಆದ್ರೆ ಆ ನಂಬರು ಗ್ರೂಪಲ್ಲಿ ಇರದು ಬೇಡ. ಇವತ್ತೇ ತೆಗಿತೀನಿ.” ಆಮೇಲೆ ನನ್ನ ಕಡೆ ನೋಡಿ ನಕ್ಕರು. “ಅದಕ್ಕೂ ಏನಾರು ಕಾನೂನು ಉಂಟಾ ಮೇಡಂ?”

“ಅದು ನಿಮ್ಮ ಗ್ರೂಪು ಸರ್, ಶಾಲೆಯದಲ್ಲ. ನೀವು ಏನು ಬೇಕಾದರೂ ಮಾಡಿ,” ಎಂದೆ.

ನನಗೆ ಆ ಉತ್ತರ ಬಹಳ ಚೆನ್ನಾಗಿದೆ ಅನ್ನಿಸಿತು. ವಾದಕ್ಕೆ ಎಲ್ಲಿಯೂ ಊನವಿಲ್ಲ. ಒಳಗಿನದು ಒಳಗೆ, ಹೊರಗಿನದು ಹೊರಗೆ. ಆ ಸಂಜೆ ಕೋಣೆಗೆ ಬಂದು, ಬಹಳ ದಿನಗಳ ಮೇಲೆ ಶಾವಿಗೆ ಪಾಯಸ ಮಾಡಿದೆ. ಗೆದ್ದೆ ಎನ್ನುವುದಕ್ಕೆ ಏನಾದರೂ ಸಿಹಿ ಬೇಡವೇ? ಒಬ್ಬಳಿಗೆ ಪಾಯಸ ಮಾಡುವುದು ಕಷ್ಟ, ಎಷ್ಟು ಕಡಿಮೆ ಹಾಕಿದರೂ ಮಿಕ್ಕುತ್ತದೆ. ಕೆಳಗಿನ ಅಂಗಡಿಯವರಿಗೆ ಕೊಡೋಣವೆಂದುಕೊಂಡೆ. ಯಾತಕ್ಕೆ ಎಂದು ಕೇಳಿದರೆ ಏನು ಹೇಳಲಿ ಎಂದು ಕೊಡಲಿಲ್ಲ. ಮರುದಿನ ಹುಳಿ ಬಂದಿತ್ತು, ಚೆಲ್ಲಿದೆ.

ಹುಡುಗಿ ಆ ವಾರವೆಲ್ಲ ಶಾಲೆಗೆ ಬಂದಳು. ಮುಂದಿನ ವಾರ ಎರಡು ದಿನ ಬಂದಳು. ಆಮೇಲೆ ಬರಲಿಲ್ಲ.

ಕುಯ್ಲಿನ ಕಾಲದಲ್ಲಿ ಮಕ್ಕಳು ತಪ್ಪಿಸಿಕೊಳ್ಳುವುದು ನಮ್ಮಲ್ಲಿ ಹೊಸದಲ್ಲ. ಅಮ್ಮನ ಜೊತೆ ಹಣ್ಣು ಕುಯ್ಯಲು ಹೋಗಿರಬೇಕು, ಬರುತ್ತಾಳೆ ಎಂದುಕೊಂಡೆ. ಒಂದು ವಾರ ಕಳೆದ ಮೇಲೆ ಫೋನ್ ಮಾಡಿದೆ. ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದಿತು. ಆ ಲೈನಿನಲ್ಲಿ ನೆಟ್‌ವರ್ಕ್ ಸಿಗುವುದು ನೀರಿನ ಟ್ಯಾಂಕಿನ ಹತ್ತಿರ ಮಾತ್ರ, ಬೆಳಗ್ಗೆ ಯಾರಾದರೂ ಫೋನು ಹಿಡಿದು ಅಲ್ಲಿಗೆ ಹೋದರೆ ಉಂಟು, ಇಲ್ಲದಿದ್ದರೆ ಇಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಫೋನ್ ಮಾಡಿದೆನಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಹತ್ತನೆಯವರ ಮನೆಗಳಿಗೆ ಪರೀಕ್ಷೆಗೆ ಮೊದಲು ಹೋಗಿ ಬರುವ ರೂಢಿ ನಮ್ಮ ಶಾಲೆಯಲ್ಲಿದೆ. ಓದಲು ಜಾಗವಿದೆಯೇ, ಬೆಳಕಿದೆಯೇ, ಮನೆಯಲ್ಲಿ ಏನಾದರೂ ತೊಂದರೆಯೇ ಎಂದು ನೋಡಿ ಬರುವುದು. ಆ ಸಲ ಹೆಡ್‌ಮಾಸ್ಟರು ಎಲ್ಲರಿಗೂ ಒಂದೊಂದು ಪಟ್ಟಿ ಹಂಚಿದರು. ನನ್ನ ಕೈಗೆ ಕೊಡಲಿಲ್ಲ.

“ಸರ್, ನನ್ನದು?”

“ನಿಮ್ಗೆ ಗೇಟಿನ ಹೊರಗಿಂದು ಬೇಡ ಅಲ್ವಾ ಮೇಡಂ,” ಎಂದರು ಅವರು. ಸ್ಟಾಫ್ ರೂಮಿನಲ್ಲಿ ಇಬ್ಬರು ತಲೆ ಬಗ್ಗಿಸಿ ನಕ್ಕರು.

ಅದು ಚುಚ್ಚುಮಾತು. ಕೈ ಚಾಚಿ ಪಟ್ಟಿ ಈಸಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರೂ ಅದನ್ನೇ ಬಯಸಿದ್ದರೆಂದು ಕಾಣುತ್ತದೆ, ಕಾಗದ ಅವರ ಬೆರಳುಗಳ ನಡುವೆಯೇ ಇತ್ತು. ನನಗೆ ತಲೆಗೆ ರಕ್ತ ಏರಿತು.

“ಹೌದು ಸರ್, ಬೇಡ. ನನ್ನ ಕೆಲಸ ಗೇಟಿನ ಒಳಗೆ,” ಎಂದೆ.

ಅವರು ಕಾಗದ ಮಡಚಿ ಜೇಬಿಗೆ ಇಟ್ಟುಕೊಂಡರು. ನನ್ನ ಕ್ಲಾಸಿನ ಮಕ್ಕಳ ಮನೆಗೆ ಆ ವರ್ಷ ಯಾರೂ ಹೋಗಲಿಲ್ಲ. ಅವರು ನಾನು ಬಾಗಲಿ ಎಂದು ಕಾದರು, ನಾನು ಅವರು ಇನ್ನೊಂದು ಸಲ ಕೇಳಲಿ ಎಂದು ಕಾದೆ. ಇಬ್ಬರೂ ದಿನಾ ಒಂದೇ ರಿಜಿಸ್ಟರಿನಲ್ಲಿ ಸಹಿ ಮಾಡುತ್ತಿದ್ದೆವು, ನಮಸ್ಕಾರ ಎನ್ನುತ್ತಿದ್ದೆವು.

ಆ ಚಳಿಗಾಲ ನನಗೆ ಬಹಳ ಉದ್ದವಾಯಿತು. ಸ್ಟಾಫ್ ರೂಮಿನಲ್ಲಿ ಟೀ ಬಂದಾಗ ನನ್ನ ಲೋಟ ಮೇಜಿನ ತುದಿಗೆ ಬರುತ್ತಿತ್ತು. ಯಾರೂ ಜಗಳ ಆಡುತ್ತಿರಲಿಲ್ಲ, ಮರ್ಯಾದೆಯನ್ನೂ ಕಡಿಮೆ ಮಾಡಲಿಲ್ಲ. ಆದರೆ ನಾನು ಬಂದರೆ ಮಾತು ಪರೀಕ್ಷೆಯ ಕಡೆಗೋ ಪಗಾರದ ಕಡೆಗೋ ಹೊರಳುತ್ತಿತ್ತು. ಹೊರಗಿನ ಬದುಕಿನ ಬಗ್ಗೆ ಮಾತಾಡಬಾರದು ಎಂದವಳ ಮುಂದೆ ಮಗಳ ಹೆರಿಗೆ, ಮಾವನ ಮಂಡಿನೋವು ಹೇಳಿಕೊಳ್ಳುವವರು ಯಾರು? ಬೆಳಗ್ಗೆ ಕಾಫಿ ಲೋಟ ಹಿಡಿದು ಕಿಟಕಿಯ ಹತ್ತಿರ ಕೂತು ಗ್ರೂಪಿನ ಮೆಸೇಜು ಓದುತ್ತಿದ್ದೆ. ನನ್ನದು ಐದು ನಿಮಿಷದ ಪೇಟೆ ದಾರಿ, ಅಲ್ಲಿಗೆ ಆನೆ ಬಂದಿದ್ದೇ ಇಲ್ಲ. ಆದರೂ ಓದುತ್ತಿದ್ದೆ. ನಿಜ ಹೇಳಬೇಕೆಂದರೆ, ದಿನಕ್ಕೊಮ್ಮೆ ಯಾರೋ ನನಗೆ ಹುಷಾರು ಎನ್ನುತ್ತಿದ್ದುದು ಅದೊಂದರಲ್ಲೇ.

ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಎದುರು ನಾನೇ ಪ್ರತಿದಿನ ಗೈರು ಎಂದು ಬರೆಯುತ್ತಿದ್ದೆ. ಮಳೆಗಾಲದಲ್ಲಿ ಹಳ್ಳ ತುಂಬಿ ಅವಳಿಗೆ ಆಗಲೇ ಬಹಳ ದಿನ ತಪ್ಪಿದ್ದವು. ಅದರ ಮೇಲೆ ಇವು ಸೇರಿದವು. ಫೆಬ್ರವರಿಯ ಕೊನೆಗೆ ಹಾಲ್ ಟಿಕೆಟ್ಟಿನ ಕಟ್ಟು ಬಂತು. ಹಂಚಲು ಕೂತಾಗ ಒಂದು ಕಡಿಮೆಯಿತ್ತು. ಹೆಡ್‌ಮಾಸ್ಟರ ಬಳಿ ಹೋದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಹಾಜರಿ ಕೊರತೆ ಮೇಡಂ. ಕೂರಕ್ಕೆ ಆಗದಿಲ್ಲ. ನಾನು ಎರಡು ಸಲ ಫೋನ್ ಮಾಡಿ ಕೇಳ್ದೆ, ಮೇಲಿನವ್ರು ಒಪ್ಲಿಲ್ಲ.” ಸ್ವಲ್ಪ ತಡೆದು, “ನಾನಾದ್ರೂ ಹೋಗಬೇಕಿತ್ತು,” ಎಂದರು.

ನಮ್ಮಿಬ್ಬರ ನಡುವೆ ಎಷ್ಟೋ ತಿಂಗಳ ಮೇಲೆ ಬಂದ ಮನುಷ್ಯರ ಮಾತು ಅದು.

ಮರುದಿನ ಭಾನುವಾರ. ಜೀಪಿನಲ್ಲಿ ಎಸ್ಟೇಟಿನ ತಿರುವಿನವರೆಗೆ ಹೋಗಿ ಅಲ್ಲಿಂದ ಕೆಳಗಿಳಿದೆ. ಹನ್ನೊಂದು ವರ್ಷ ಅದೇ ರಸ್ತೆಯಲ್ಲಿ ಓಡಾಡಿದ್ದರೂ ಆ ದಾರಿಗೆ ಕಾಲಿಟ್ಟಿದ್ದು ಅದೇ ಮೊದಲು. ಎರಡು ಕಡೆಯೂ ಎತ್ತರದ ಸಿಲ್ವರ್ ಮರ, ಕೆಳಗೆ ಕಾಫಿ ಗಿಡ ಒತ್ತಾಗಿ ಹತ್ತು ಅಡಿಯ ಆಚೆ ಏನೂ ಕಾಣುವುದಿಲ್ಲ. ಎಲ್ಲಿಯೋ ಒಂದು ಕೊಂಬೆ ಮುರಿದ ಸದ್ದಾಯಿತು. ನಾನು ನಿಂತೆ. ಆಮೇಲೆ ನೋಡಿದರೆ ಮುಷಿಯ, ಕರಿಮೂತಿಯ ಕೋತಿ. ಮರದಿಂದ ಮರಕ್ಕೆ ಹಾರಿ ಹೋಯಿತು. ಹದಿನೈದು ವರ್ಷದ ಹುಡುಗಿ ಈ ದಾರಿಯಲ್ಲಿ ದಿನಾ ಒಬ್ಬಳೇ ಬಂದು, ಬೆವರು ಒರೆಸಿಕೊಂಡು, ನಾನು ಕೊಟ್ಟ ಭೂಪಟದಲ್ಲಿ ನದಿ ಎಳೆಯುತ್ತಿದ್ದಳು.

ಕಣದಲ್ಲಿ ತಾಯಿ ಮಗಳು ಮೆಣಸು ಹರವುತ್ತಿದ್ದರು. ನನ್ನನ್ನು ಕಂಡು ತಾಯಿ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದಳು. ಹುಡುಗಿ ಒಳಗಿಂದ ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿ, ಕಾಫಿ ಮಾಡಲು ಹೋದಳು. ನಾನು ಹಾಲ್ ಟಿಕೆಟ್ಟಿನ ವಿಷಯ ಹೇಳಿದೆ. ತಾಯಿ ಅಳಲಿಲ್ಲ. ಅವಳಿಗೆ ಅದು ಮೊದಲೇ ಗೊತ್ತಾಗಿದ್ದಂತಿತ್ತು.

“ಯಾಕೆ ಕಳಿಸಲಿಲ್ಲ ಅಮ್ಮ ಶಾಲೆಗೆ?” ಎಂದು ಕೇಳಿದೆ.

“ಹೆಂಗೆ ಕಳ್ಸದು ಮೇಡಂ? ಗ್ರೂಪಿಂದ ನಂಬರ್ ತೆಗ್ದ ಮೇಲೆ ನಮ್ಗೆ ಆನೆ ಎಲ್ಲುಂಟು ಅಂತ್ಲೇ ಗೊತ್ತಾಗದಿಲ್ಲ. ಲೈನಲ್ಲಿ ಉಳಿದವ್ರೆಲ್ಲ ಅಸ್ಸಾಮಿನವ್ರು, ಅವ್ರಿಗೆ ಇವ್ಳೇ ಓದಿ ಹೇಳ್ತಿದ್ದಿದ್ದು. ಮೇಸ್ತ್ರಿ ಬಂದು ತೋಟದ ಸುದ್ದಿ ಹೇಳ್ತಾನೆ. ಶಾಲೆ ದಾರಿ ಸುದ್ದಿ ಯಾರು ಹೇಳ್ತಾರೆ?” ಅವಳು ಹಳ್ಳದ ಕಡೆ ಕೈ ತೋರಿಸಿದಳು. “ಆಮೇಲೆ ಒಂದಿನ ಆ ತಿರುವಲ್ಲಿ ಎದುರಿಗೇ ನಿಂತಿತ್ತು. ಇವ್ಳು ಬ್ಯಾಗ್ ಬಿಸಾಕಿ ಓಡಿ ಬಂದ್ಲು. ಬ್ಯಾಗು ತುಳಿದು ಹಾಕಿತ್ತು. ಅವತ್ತಿಂದ ನಾನೇ ಬೇಡ ಅಂದೆ. ಓದದಿದ್ರೂ ಬೇಡ, ಜೀವ ಇರ್ಲಿ.”

ಆ ದಿನದ ಮೆಸೇಜು ನನಗೆ ನೆನಪಿತ್ತು. ಪಲ್ಪರ್ ಮನೆಯ ಹಳ್ಳದ ತಿರುವು ಎಂದಿತ್ತು, ಏಳು ಗಂಟೆಗೆ ಮುಂಚೆಯೇ ಬಂದಿತ್ತು. ಈ ಸಲ ನಿಜವಂತೆ ಎಂದು ಯಾರೋ ಕೆಳಗೆ ಬರೆದಿದ್ದರು. ನಾನು ಅದನ್ನು ಓದಿ, ನನ್ನ ದಾರಿಯಲ್ಲ ಎಂದು ಫೋನು ಕೆಳಗಿಟ್ಟಿದ್ದೆ. ಆ ದಾರಿ ಯಾರದು ಎಂದು ನನಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೆ ಒಂದು ಬೆರಳಿನ ಕೆಲಸ. ಬಂದಿದ್ದನ್ನು ಅವಳ ನಂಬರಿಗೆ ಕಳಿಸಿದ್ದರೆ ಸಾಕಿತ್ತು, ದಿನಾ ಬೆಳಗ್ಗೆ, ಪರೀಕ್ಷೆಯವರೆಗೆ.

“ನೀವಾದರೂ ಬಂದು ಹೇಳಬಹುದಿತ್ತಲ್ಲ,” ಎಂದೆ. ತಪ್ಪನ್ನು ಹಂಚಿಕೊಳ್ಳಲು ಯಾರಾದರೂ ಬೇಕಿತ್ತು ನನಗೆ.

“ಯಾವ ಮುಖ ಇಟ್ಕೊಂಡು ಬರದು ಮೇಡಂ? ಸುಳ್ಳು ಹೇಳ್ದವ್ರು ಅಂತ ಹೆಸರಾಯ್ತಲ್ಲ.” ತಾಯಿ ಒಂದು ಹಿಡಿ ಮೆಣಸು ಎತ್ತಿ ಮತ್ತೆ ಹರವಿದಳು. “ಅವ್ಳು ಸುಳ್ಳು ಹೇಳಿದ್ದು ನನ್ ಸಲುವಾಗಿ. ಆಗ ನಂಗೆ ಮೂರು ದಿನದಿಂದ ಜ್ವರ. ಹಣ್ಣು ಉದುರ್ತಿತ್ತು, ಈ ಟೈಮಲ್ಲಿ ಮಲಗಿದ್ರೆ ಈ ಮನೆ ಬೇರೆಯವ್ರಿಗೆ ಕೊಡ್ತಾರೇನೋ ಅಂತ ನಂಗೆ ಹೆದ್ರಿಕೆ. ಇವ್ಳು ಹೋಗ್ಬೇಡ ಅಂದ್ರೂ ನಾನು ಕೇಳ್ಲಿಲ್ಲ. ಆನೆ ಬಂದ್ರೆ ಎಲ್ರೂ ಮನೇಲಿರ್ತಾರೆ, ಯಾರ ತಪ್ಪೂ ಅಲ್ಲ ಅಲ್ದಾ? ಅದಕ್ಕೆ ಆನೆ ತಂದ್ಲು. ಶಾಲೇಲಿ ಜ್ವರದ ಮಾತು ಎತ್ತಬೇಡ, ನೆಪ ಅಂತಾರೆ ಅಂತ ನಾನೇ ಹೇಳಿ ಕಳ್ಸಿದ್ದೆ.”

ಅವಳೇ ಮುಂದುವರಿಸಿದಳು, ದೂರುವ ದನಿಯೂ ಅಲ್ಲ.

“ಸುಳ್ಳು ಹೇಳಿದ್ಲು ಅಂತ ಹತ್ತು ಜನ ಈ ಬಾಗ್ಲಿಗೆ ಬಂದ್ರು ಮೇಡಂ. ರೈಟ್ರು ಬಂದ್ರು, ಫಾರೆಸ್ಟಿನವ್ರು ಬಂದ್ರು, ಪಿ.ಟಿ. ಮಾಸ್ಟ್ರು ಬಂದ್ರು. ಶಾಲೆ ಬಿಟ್ಲು ಅಂತ ಬಂದವ್ರು ನೀವೊಬ್ರೇ. ಅದೂ ಮುಗಿದ ಮೇಲೆ.”

ಹುಡುಗಿ ಕಾಫಿ ತಂದುಕೊಟ್ಟಳು. ಬೆಲ್ಲದ ಕಾಫಿ, ಕೈ ಸುಡುವಷ್ಟು ಬಿಸಿ. ಕುಡಿದು ಲೋಟ ಕೆಳಗಿಟ್ಟೆ. ಮುಂದಿನ ವರ್ಷ ಖಾಸಗಿಯಾಗಿ ಪರೀಕ್ಷೆ ಕಟ್ಟಬಹುದು, ಫಾರಂ ನಾನು ತುಂಬಿಸುತ್ತೇನೆ, ಬೆಳಗ್ಗೆ ಬಂದ ಮೆಸೇಜನ್ನೆಲ್ಲ ಕಳಿಸುತ್ತೇನೆ, ಭಾನುವಾರ ಇಲ್ಲಿಗೇ ಬಂದು ಪಾಠ ಹೇಳುತ್ತೇನೆ ಎಂದೆ. ತಾಯಿ ಮಗಳ ಮುಖ ನೋಡಿದಳು. ಹುಡುಗಿ, ನೋಡಾಣ ಮೇಡಂ ಎಂದಳು. ಮುಂದಿನ ತಿಂಗಳಿಂದ ಕಳಸದಲ್ಲಿ ಒಂದು ಬಟ್ಟೆ ಅಂಗಡಿಗೆ ಸೇರುವುದಾಗಿ ಮಾತಾಗಿತ್ತಂತೆ.

ಹೊರಟಾಗ ಅವಳು, ಒಬ್ರೇ ಹೋಗಬೇಡಿ ಎಂದು ರಸ್ತೆಯವರೆಗೆ ನನ್ನ ಜೊತೆ ಬಂದಳು. ಅವಳು ಮುಂದೆ, ನಾನು ಹಿಂದೆ. ತಿರುವು ಬಂದಲ್ಲೆಲ್ಲ ನಿಂತು ಗಾಳಿಯ ವಾಸನೆ ನೋಡಿ ಮುಂದೆ ಹೋಗುತ್ತಿದ್ದಳು. ನನಗೆ ಮಾತನಾಡಲು ಧೈರ್ಯ ಬಂದಿದ್ದು ರಸ್ತೆ ಕಂಡ ಮೇಲೆ.

“ಅವತ್ತು ನನಗಾದರೂ ಹೇಳಬಾರದಿತ್ತೇನೇ?”

ಅವಳು ನಿಂತಳು. ಸಿಟ್ಟಿನಿಂದಲ್ಲ, ಪಾಠ ಒಪ್ಪಿಸುವವಳಂತೆ ಹೇಳಿದಳು.

“ಹೇಳಣ ಅಂತಿದ್ದೆ ಮೇಡಂ. ಒಳಗೆ ಯಾರೂ ಕೇಳೋ ಹಾಗಿಲ್ಲ ಅಂದ್ರಲ್ಲ, ಹೊರಗೆ ಬಂದ ಮೇಲೆ ನೀವೇ ಕೇಳ್ತೀರಿ ಅಂದ್ಕೊಂಡೆ. ಬೆಲ್ ಆದ ಮೇಲೆ ಗೇಟಿನ ಹೊರಗೆ ನಿಂತಿದ್ದೆ. ನೀವು ನನ್ನ ನೋಡಿ ನಕ್ರಿ, ಹೊತ್ತಾಯ್ತು ಅಂತ ಹೋದ್ರಿ.”

ಜೀಪು ಬಂತು. ಅವಳು ಕೈ ಮಾಡಿ ನಿಲ್ಲಿಸಿ, ನಾನು ಹತ್ತಿದ ಮೇಲೆ ತಿರುಗಿ ಆ ದಾರಿಯಲ್ಲಿ ಒಬ್ಬಳೇ ಇಳಿದು ಹೋದಳು. ಆ ಮಂಗಳವಾರದ ಸಂಜೆ ನನಗೆ ಎಲ್ಲಿಗೂ ಹೊತ್ತಾಗಿರಲಿಲ್ಲ. ಕೋಣೆಯಲ್ಲಿ ನನಗಾಗಿ ಕಾಯುವವರು ಯಾರೂ ಇರಲಿಲ್ಲ.